ಬೋರಲಾದ ಲೋಟ

ಕೃಷ್ಣೆಯು ತೆಲಂಗಾಣವನ್ನು ಪ್ರವೇಶಿಸುವ ಮಕ್ತಲ್ ಸೀಮೆಯಲ್ಲಿ, ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಗಡಿಗ್ರಾಮದ ಪುಟ್ಟ ಶಾಲೆಯೊಳಗೆ, 1928ರ ಫೆಬ್ರವರಿ 28ರಂದು ಸಿ. ವಿ. ರಾಮನ್ನರು ಪ್ರಕಟಿಸಿದ ಶೋಧದ ಸ್ಮರಣಾರ್ಥವಾಗಿ ನಡೆಯುವ ವಿಜ್ಞಾನದಿನದ ಮೇಳವನ್ನು ಕಾಣುವವನಿಗೆ, ಪಾಂಡಿತ್ಯಕ್ಕಿಂತ ಮಿಗಿಲಾದ ಸೌಂದರ್ಯವೊಂದು ಗೋಚರಿಸುತ್ತದೆ. ಬಾಯಿಮಟ್ಟ ನೀರು ತುಂಬಿದ ಲೋಟದ ಮೇಲೆ ಹಳೆಯ ಲಗ್ನಪತ್ರಿಕೆಯ ರಟ್ಟನ್ನಿರಿಸಿ, ಅಂಗೈಯಿಂದ ಒತ್ತಿ, ಉಸಿರು ಬಿಗಿಹಿಡಿದು ಬೋರಲು ಮಾಡಿ, ಮೆಲ್ಲನೆ ಕೈಯನ್ನು ತೆಗೆದೊಡನೆ, ನೀರು ಬೀಳದೆ ನಿಂತುದನ್ನು ತೋರಿಸುತ್ತ ಮೂರನೆಯ ತರಗತಿಯ ಬಾಲಿಕೆಯು “ಕೆಳಗಿಂದ ಗಾಳಿ ಒತ್ತತದ್ರೀ ಸರ್” ಎನ್ನುವಳು. ಆ ಗಾಳಿಯ ಒತ್ತಡವು ಸುಮಾರು 10 ಮೀಟರ್ ಎತ್ತರದ ಜಲಸ್ತಂಭವನ್ನೇ ಹೊರಬಲ್ಲುದು. ಲೋಟದ ನೀರು ಅದಕ್ಕೆ ಎಷ್ಟರ ಭಾರ! ಹಿರಿಯರು ಮನೆಯಲ್ಲಿ ಅಂಟಿಸಿ ಕಳುಹಿಸಿದ ಥರ್ಮಾಕೋಲಿನ ಜ್ವಾಲಾಮುಖಿಗೇ ಬಹುಮಾನ ಸಲ್ಲುವುದುಂಟು. ನನ್ನ ಪಕ್ಷಪಾತವಾದರೋ ನೆಲವನ್ನೆಲ್ಲ ಒದ್ದೆಮಾಡುವ ಈ ಲೋಟದ ಕಡೆಗೇ. ಪಕ್ಕದ ಮೇಜಿನಲ್ಲಿ ಸೀಸೆಯ ಮುಚ್ಚಳಗಳ ಚಕ್ರವೊಂದು ತಂಬಿಗೆಯ ಧಾರೆಗೆ ತಿರುಗುತ್ತದೆ. ಗದ್ವಾಲದ ಬಳಿಯ ಜುರಾಲಾ ಅಣೆಕಟ್ಟೆಯಲ್ಲಿ ತಲಾ 39 ಮೆಗಾವಾಟ್ ಸಾಮರ್ಥ್ಯದ 6 ಯಂತ್ರಗಳನ್ನು ಇದೇ ಕೃಷ್ಣೆಯ ಜಲವು ತಿರುಗಿಸುವ ಬಗೆಯೂ ತತ್ತ್ವತಃ ಇಷ್ಟೇ, ಮುಚ್ಚಳಕ್ಕೆ ರಂಧ್ರ ಕೊರೆದ ಬಾಲಕನಿಗೆ ಅದನ್ನು ಬೇರೆ ಹೇಳಿಕೊಡಬೇಕಾಗಿಲ್ಲ.