ಸಂಗ್ರಹಕ್ಕೆ ಯಾವ ರಾಕೆಟ್?

ಮಂಗಳೂರಿನ ಬಿಜೈ, ಕದ್ರಿ ಕಡೆಯ ಹಳೆಯ ಹೆಂಚಿನ ಮನೆಗಳು ಒಂದೊಂದಾಗಿ ಫ್ಲ್ಯಾಟುಗಳಿಗೆ ಜಾಗ ಬಿಟ್ಟುಕೊಡುತ್ತಿವೆ. ಮನೆ ಕೆಡಹುವ ಮುನ್ನ ಅಟ್ಟದಿಂದ ಇಳಿಯುವ ಸಾಮಾನಿನಲ್ಲಿ ಮರದ ಟೆನ್ನಿಸ್ ರಾಕೆಟ್ ಸಿಗುವುದೂ ಉಂಟು. ತಾಮ್ರದ ಹಂಡೆಗೆ, ಬೀಟೆಯ ಕಪಾಟಿಗೆ ಗಿರಾಕಿಗಳಿದ್ದಾರೆ. ರಾಕೆಟ್ ಗುಜರಿಗೆ ಹೋಗುತ್ತದೆ. ಅದನ್ನು ಹುಡುಕಿ ಕೂಡಿಡುವ ಹವ್ಯಾಸಿಗಳೂ ಇದ್ದಾರೆ ಎಂಬುದು ಸಮಾಧಾನದ ಸಂಗತಿ. ಆದರೆ ಈ ಹವ್ಯಾಸದಲ್ಲಿ ಆಯ್ಕೆ ನಡೆಯುವ ಕ್ರಮದ ಬಗ್ಗೆ ನನಗೆ ತಕರಾರಿದೆ. ಫ್ರೇಮಿನ ಮೇಲೆ ದೊಡ್ಡ ಆಟಗಾರನ ಹೆಸರಿದ್ದರೆ, ಬಣ್ಣ ಹೊಳೆಯುತ್ತಿದ್ದರೆ ಕೊಳ್ಳುವುದು, ಇಲ್ಲದಿದ್ದರೆ ಬದಿಗಿಡುವುದು. ಈ ಅಳತೆಗೋಲು ತಪ್ಪು. ಆಟ ಎಲ್ಲಿ ತಿರುವು ಪಡೆಯಿತು ಎಂದು ತೋರಿಸುವ ಅಥವಾ ಅದನ್ನು ಮಾಡಿದ, ಆಡಿದ ಕೈಗಳ ಕಥೆ ಹೇಳುವ ರಾಕೆಟ್ಟಿಗೆ ಮಾತ್ರ ಸಂಗ್ರಹದಲ್ಲಿ ಜಾಗವಿರಬೇಕು. ಹಾಗೆ ಅಳೆದರೆ, ಇಂದು ಎಲ್ಲರೂ ಬದಿಗಿಡುವ ನಮ್ಮ ನಾಡಿನ ರಾಕೆಟ್ಟೇ ಮೊದಲ ಸಾಲಿಗೆ ಬರುತ್ತದೆ.

ಮೊದಲು ಹೆಸರಿನ ಮೋಹವನ್ನು ನೋಡೋಣ. ವಿಲ್ಸನ್ ಕಂಪನಿಯ ‘ಜಾಕ್ ಕ್ರೇಮರ್ ಆಟೋಗ್ರಾಫ್’ ರಾಕೆಟ್ 1940ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂತು. ಮುಂದಿನ ಮೂರು ದಶಕಗಳಲ್ಲಿ ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು ಎನ್ನುತ್ತಾರೆ. ಅದರ ಮೇಲಿರುವುದು ಕಾರ್ಖಾನೆಯಲ್ಲಿ ಅಚ್ಚಾದ ಸಹಿ. ಕ್ರೇಮರ್ ಆ ರಾಕೆಟ್ ಮುಟ್ಟಿದ್ದಕ್ಕೆ ಅದು ಸಾಕ್ಷಿಯಲ್ಲ. ಅಷ್ಟು ಸುಲಭವಾಗಿ ಸಿಗುವ ವಸ್ತುವಿಗೆ ಸಹಿಯೊಂದರ ಕಾರಣಕ್ಕೆ ಹೆಚ್ಚು ಬೆಲೆ ಕೊಡುವುದರಲ್ಲಿ ಅರ್ಥವಿಲ್ಲ. 1931ರಲ್ಲಿ ಬಂದ ಡನ್‌ಲಪ್ ಮ್ಯಾಕ್ಸ್‌ಪ್ಲೈ ವಿಚಾರವೂ ಹೀಗೆಯೇ. ರಾಡ್ ಲೇವರ್ ಮತ್ತು ಜಾನ್ ಮೆಕೆನ್ರೊ ಅದನ್ನು ಹಿಡಿದು ಆಡಿದರು ಎಂಬುದಷ್ಟೇ ಅದರ ಹಿರಿಮೆಯಲ್ಲ. ಒಂದೇ ಆಶ್ ಮರದ ಪಟ್ಟಿಯನ್ನು ಹಬೆಗೆ ಹಿಡಿದು ಬಾಗಿಸುತ್ತಿದ್ದ ಕಾಲ ಮುಗಿದು, ತೆಳು ಪದರಗಳನ್ನು ಅಂಟಿಸಿ ಫ್ರೇಮ್ ಕಟ್ಟುವ ಕಾಲ ಬಂದುದನ್ನು ಅದು ತೋರಿಸುತ್ತದೆ. ಕತ್ತಿನ ಬಳಿ ಪದರಗಳು ಎಣಿಸುವಷ್ಟು ಸ್ಪಷ್ಟವಾಗಿರುವ ಒಂದು ಮ್ಯಾಕ್ಸ್‌ಪ್ಲೈ ಇದ್ದರೆ ಸಾಕು. ಬೇರೆ ಬೇರೆ ಚಿತ್ರ ಅಂಟಿಸಿದ ಹತ್ತು ಮ್ಯಾಕ್ಸ್‌ಪ್ಲೈ ಸೇರಿದರೆ ಅದು ದಾಸ್ತಾನು, ಸಂಗ್ರಹವಲ್ಲ.

ಹಾಗಾದರೆ ತಿರುವುಗಳು ಯಾವುವು? ಮೇಜರ್ ವಿಂಗ್‌ಫೀಲ್ಡ್ ಲಾನ್ ಟೆನ್ನಿಸ್ ಎಂಬ ತನ್ನ ಹೊಸ ಆಟಕ್ಕೆ ಪೇಟೆಂಟ್ ಪಡೆದದ್ದು 1874ರಲ್ಲಿ. ಆ ಆರಂಭದ ವರ್ಷಗಳ ರಾಕೆಟ್ಟುಗಳ ತಲೆ ಒಂದು ಬದಿಗೆ ವಾಲಿರುತ್ತಿತ್ತು. ಅದು ಗೋಡೆಗಳ ನಡುವೆ ಆಡುತ್ತಿದ್ದ ಹಳೆಯ ಟೆನ್ನಿಸ್ಸಿನಿಂದ ಬಂದ ಆಕಾರ. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಹಿಡಿಯ ತುದಿ ಮೀನಿನ ಬಾಲದಂತೆ ಅಗಲವಾಯಿತು. ಬರಿಯ ಮರಕ್ಕೆ ಗೀರು ಕೊರೆದ ಹಿಡಿ ಹೋಗಿ ಚರ್ಮದ ಗ್ರಿಪ್ ಸಾಮಾನ್ಯವಾದದ್ದು 1930ರ ದಶಕದಿಂದ ಈಚೆಗೆ. ವಾಲಿದ ತಲೆಯದೋ ಮೀನಬಾಲದ ಹಿಡಿಯದೋ ನಮ್ಮ ಕಡೆ ಸಿಕ್ಕರೆ, ಫ್ರೇಮ್ ಬಿರುಕು ಬಿಟ್ಟಿದ್ದರೂ ಬಿಡಬಾರದು.

ದೊಡ್ಡ ತಿರುವು ಬಂದದ್ದು ಲೋಹದೊಂದಿಗೆ. ಫ್ರಾನ್ಸಿನ ರೆನೆ ಲಕೊಸ್ತ್ 1953ರಲ್ಲಿ ಪೇಟೆಂಟ್ ಪಡೆದ ಉಕ್ಕಿನ ಫ್ರೇಮನ್ನು ವಿಲ್ಸನ್ ಕಂಪನಿ 1967ರಲ್ಲಿ ‘ಟಿ-2000’ ಎಂದು ಹೊರತಂದಿತು. ಜಿಮ್ಮಿ ಕಾನರ್ಸ್ ಬಹುಕಾಲ ಆಡಿದ್ದು ಅದರಲ್ಲೇ. 1976ರಲ್ಲಿ ಹೊವರ್ಡ್ ಹೆಡ್ ರೂಪಿಸಿದ ಅಲ್ಯೂಮಿನಿಯಂನ ‘ಪ್ರಿನ್ಸ್’ ತಲೆಯ ವಿಸ್ತಾರವನ್ನು ಸುಮಾರು 110 ಚದರ ಇಂಚಿಗೆ ಒಯ್ದಿತು. ಮರದ ರಾಕೆಟ್ಟಿನ ತಲೆ 65ರಿಂದ 70 ಚದರ ಇಂಚು. ತೂಕ 370ರಿಂದ 400 ಗ್ರಾಂ. ತಲೆ ದೊಡ್ಡದು ಮಾಡಿದರೆ ಗಟ್ಟಿನ, ಅಂದರೆ ತಲೆಗೆ ಹೆಣೆದ ತಂತಿಗಳ, ಎಳೆತಕ್ಕೆ ಮರ ಸೊಟ್ಟಗಾಗುತ್ತದೆ. ಅದಾಗದಂತೆ ದಪ್ಪ ಮಾಡಿದರೆ ಕೈ ಎತ್ತಲಾಗದಷ್ಟು ಭಾರ. ಮರ ಸೋತದ್ದು ಇಲ್ಲಿ. 1977ರಲ್ಲಿ ಎರಡು ಪದರ ಗಟ್ಟಿನ ‘ಸ್ಪಾಗೆಟ್ಟಿ’ ರಾಕೆಟ್ ಹಿಡಿದ ಆಟಗಾರ ನಸ್ತಾಸೆ ಎದುರು ಪ್ರತಿಸ್ಪರ್ಧಿ ವಿಲಾಸ್ ಆ ರಾಕೆಟ್ಟನ್ನು ಪ್ರತಿಭಟಿಸಿ ಆಟ ಬಿಟ್ಟು ನಡೆದ. ಅಲ್ಲಿಯವರೆಗೆ ರಾಕೆಟ್ ಹೇಗಿರಬೇಕು ಎಂಬ ನಿಯಮವೇ ಆಟದಲ್ಲಿ ಇರಲಿಲ್ಲ. ಅದು ಬಂದದ್ದು 1978ರಲ್ಲಿ. 1981ರ ವಿಂಬಲ್ಡನ್ ಫೈನಲ್ಲಿನಲ್ಲಿ ಬೋರ್ಗ್, ಮೆಕೆನ್ರೊ ಇಬ್ಬರ ಕೈಯಲ್ಲೂ ಮರ. 1983ರಲ್ಲಿ ಯಾನಿಕ್ ನೋವಾ ಮರದ ರಾಕೆಟ್ಟಿನಿಂದ ಫ್ರೆಂಚ್ ಓಪನ್ ಗೆದ್ದ. ಆಮೇಲೆ ಆಟ ಗ್ರಾಫೈಟಿನ ಪಾಲಾಯಿತು. ಒಂದು ಮ್ಯಾಕ್ಸ್‌ಪ್ಲೈ, ಒಂದು ಟಿ-2000, ಒಂದು ಪ್ರಿನ್ಸ್, ಒಂದು ಮೊದಲ ಕಾಲದ ಗ್ರಾಫೈಟ್ ಅಕ್ಕಪಕ್ಕ ಇಟ್ಟರೆ ಈ ಚರಿತ್ರೆಯೆಲ್ಲ ಕಣ್ಣಿಗೆ ಕಾಣುತ್ತದೆ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಬೆಲೆ ಕೊಡಬೇಕಾಗಿಲ್ಲ.

ಇನ್ನು ಹೊಳಪಿನ ಮೋಹ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಗೋಡೆಯೇ ಬೆವರುವ ಆ ತಿಂಗಳುಗಳಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಅಂಟು ಬಿಡುತ್ತದೆ, ಕರುಳಿನಿಂದ ಮಾಡಿದ ಗಟ್ ಬೂಷ್ಟು ಹಿಡಿದು ಕಡಿಯುತ್ತದೆ. ಒರಲೆ, ಕುಟ್ಟೆಹುಳುಗಳ ಕಾಟ ಬೇರೆ. ಆದ್ದರಿಂದ ಕರಾವಳಿಯ ಮನೆಯಿಂದ ಬಂದ ರಾಕೆಟ್ ಹೊಸದರಂತೆ ಮಿಂಚುತ್ತಿದ್ದರೆ ಮೊದಲು ಅನುಮಾನಿಸಬೇಕು. ಯಾರೋ ಉಜ್ಜಿ ವಾರ್ನಿಷ್ ಬಳಿದಿರುವ ಸಾಧ್ಯತೆಯೇ ಹೆಚ್ಚು. ಹಾಗೆ ಬಳಿಯುವಾಗ ತಯಾರಕನ ಮುದ್ರೆ, ಅಂಗಡಿಯ ಹೆಸರು, ಆಡಿದವರು ಗೀಚಿದ ಅಕ್ಷರ ಎಲ್ಲವೂ ಅಳಿಯುತ್ತವೆ. ರಾಕೆಟ್ಟಿನ ಊರು, ಕಾಲ ತಿಳಿಸುವುದು ಅವೇ. ಮಂಕಾದ, ಗೀರು ಬಿದ್ದ, ಆದರೆ ಮುದ್ರೆ ಉಳಿದ ಫ್ರೇಮ್ ಈ ಕಾರಣಕ್ಕೆ ನೂರು ಪಾಲು ಮೇಲು.

ಪರೀಕ್ಷಿಸಬೇಕಾದದ್ದು ಮೈಕಟ್ಟನ್ನು. ರಾಕೆಟ್ಟನ್ನು ಸಮತಟ್ಟಾದ ಮೇಜಿನ ಮೇಲೆ ಮಲಗಿಸಿದರೆ ಸೊಟ್ಟ ಗೊತ್ತಾಗುತ್ತದೆ. ಹಿಡಿಯ ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ತಿರುಚಿದ್ದೂ ಕಾಣುತ್ತದೆ. ಕತ್ತಿನಲ್ಲಿ ಎರಡೂ ಬದಿಯ ಪಟ್ಟಿಗಳು ಕೂಡುವ ಕಡೆ ಸೀಳು ಇದೆಯೇ, ಗಟ್ ಹಾಯುವ ತೂತುಗಳ ನಡುವೆ ಬಿರುಕು ಓಡಿದೆಯೇ ಎಂದು ಬೆರಳಾಡಿಸಿ ನೋಡಬೇಕು. ನಾಲ್ಕು ಮೂಲೆಗೆ ತಿರುಪು ಇರುವ ಮರದ ಪ್ರೆಸ್ ಜೊತೆಗೆ ಸಿಕ್ಕರೆ ಅದನ್ನೂ ತರಬೇಕು. ಫ್ರೇಮ್ ಸೊಟ್ಟಗಾಗದಂತೆ ಮನೆಯವರು ಮಾಡಿದ ಜೋಪಾನಕ್ಕೆ ಅದು ಗುರುತು. ಹಳೆಯ ಗಟ್ ಉಳಿದಿದ್ದರೆ ಹಾಗೆಯೇ ಬಿಡುವುದು ಲೇಸು. ತೆಗೆಯಲೇಬೇಕಾದರೆ ನಡುವಿನಿಂದ ಹೊರಕ್ಕೆ, ಉದ್ದ ಅಡ್ಡ ಎರಡನ್ನೂ ಸಮವಾಗಿ ಕತ್ತರಿಸಬೇಕು. ಒಂದೇ ಬದಿಯಿಂದ ಶುರು ಮಾಡಿದರೆ ಉಳಿದ ಎಳೆತ ಫ್ರೇಮನ್ನೇ ತಿರುಚುತ್ತದೆ. ನೋಟಕ್ಕೆಂದು ಹೊಸದಾಗಿ ಬಿಗಿಯಾಗಿ ಗಟ್ಟಿಂಗ್ ಮಾಡಿಸುವುದು ಮುದಿ ಮರಕ್ಕೆ ಮಾಡುವ ಹಿಂಸೆ.

ನನ್ನ ಮುಖ್ಯ ಆಕ್ಷೇಪ ನಮ್ಮ ರಾಕೆಟ್ಟುಗಳ ಬಗೆಗಿನ ಅಸಡ್ಡೆಯ ಕುರಿತದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಇಂದು ಪಾಕಿಸ್ತಾನಕ್ಕೆ ಸೇರಿದ ಪಂಜಾಬಿನ ಸಿಯಾಲ್‌ಕೋಟ್ ಊರಿನಲ್ಲಿ ದಂಡಿನವರಿಗಾಗಿ ರಾಕೆಟ್ ತಯಾರಿಕೆ ಬೆಳೆಯಿತು. ರೇಷ್ಮೆಹುಳಕ್ಕೆ ಸೊಪ್ಪು ಕೊಡುವ ಹಿಪ್ಪುನೇರಳೆಯ ಮರವನ್ನೇ ಅಲ್ಲಿನ ಕುಶಲಕರ್ಮಿಗಳು ಬಾಗಿಸಿ ಫ್ರೇಮ್ ಮಾಡಿದರು. ಅವು ವಿದೇಶಕ್ಕೂ ಹೋದವು. 1947ರ ದೇಶವಿಭಜನೆಯಲ್ಲಿ ಆ ಕಸುಬಿನ ಹಿಂದೂ, ಸಿಖ್ ಕುಟುಂಬಗಳು ಮನೆಮಠ ಬಿಟ್ಟು ಜಲಂಧರ್, ಮೇರಠ್‌ಗಳಿಗೆ ಬಂದು ಮತ್ತೆ ಕೆಲಸ ಕಟ್ಟಿದವು. ‘ಸಿಯಾಲ್‌ಕೋಟ್’ ಮತ್ತು ‘ಇಂಡಿಯಾ’ ಎರಡೂ ಒಂದೇ ಫ್ರೇಮಿನ ಮೇಲೆ ಅಚ್ಚಾಗಿದ್ದರೆ ಅದು ವಿಭಜನೆಗೆ ಮುಂಚಿನದು. ಅದೇ ಬಗೆಯ ರಾಕೆಟ್ಟಿನ ಮೇಲೆ ‘ಜಲಂಧರ್’ ಎಂದಿದ್ದರೆ ಅದು ನಿರಾಶ್ರಿತರ ಕೈಗಳು ಮತ್ತೆ ಎದ್ದು ನಿಂತ ಕಾಲದ್ದಿರಬಹುದು. ಕ್ರೇಮರನ ಅಚ್ಚಿನ ಸಹಿಯಲ್ಲಿ ಇಂಥ ಕಥೆ ಇದೆಯೇ?

ಭಾರತದ ಟೆನ್ನಿಸ್ ತಲೆಯೆತ್ತಿದ್ದೂ ಮರದ ಯುಗದಲ್ಲೇ. 1939ರಲ್ಲಿ ಘೌಸ್ ಮಹಮ್ಮದ್ ವಿಂಬಲ್ಡನ್ ಕ್ವಾರ್ಟರ್ ಫೈನಲ್ ಮುಟ್ಟಿದ ಮೊದಲ ಭಾರತೀಯನಾದ. ರಾಮನಾಥನ್ ಕೃಷ್ಣನ್ 1960, 1961ರಲ್ಲಿ ಅಲ್ಲೇ ಸೆಮಿಫೈನಲ್ ಆಡಿದರು. 1966ರಲ್ಲಿ ದೇಶ ಮೊದಲ ಬಾರಿಗೆ ಡೇವಿಸ್ ಕಪ್ ಫೈನಲ್ ತಲುಪಿತು. ಆ ವರ್ಷಗಳಲ್ಲಿ ನಮ್ಮ ಕ್ಲಬ್ಬು, ಕಾಲೇಜುಗಳ ಮಕ್ಕಳು ಹಿಡಿದ ಅಗ್ಗದ ದೇಶಿ ರಾಕೆಟ್ಟುಗಳನ್ನು ಯಾರೂ ಕಾಪಾಡಲಿಲ್ಲ. ಅಗ್ಗದ್ದನ್ನು ಮುರಿದ ಮೇಲೆ ಒಲೆಗೆ ಹಾಕುತ್ತಾರೆ. ಹಾಗಾಗಿ ಅವು ಇಂದು ನಿಜವಾಗಿಯೂ ಅಪರೂಪ.

ಸಂಗ್ರಹ ಎಂಬುದರ ಗುರಿ ಏನು ಎಂದು ತಿಳಿಯಲು ಬಿಜೈಯವರು ದೂರ ಹೋಗಬೇಕಿಲ್ಲ. ಕರ್ನಲ್ ವಿ.ಆರ್. ಮಿರಾಜಕರ್ ತಾಯಿಯ ನೆನಪಿಗೆ ಕೊಟ್ಟ ಹಡಗಿನಾಕಾರದ ಕಟ್ಟಡದಲ್ಲಿ 1960ರಿಂದ ಶ್ರೀಮಂತಿಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ ಇಲ್ಲೇ ಇದೆ. ಒಬ್ಬರ ಅಭಿರುಚಿ ಊರಿನ ಆಸ್ತಿಯಾಗಬಹುದು ಎಂಬುದಕ್ಕೆ ಅದು ಎದುರಿಗಿರುವ ನಿದರ್ಶನ. ಆದರೆ ಯಾವ ವಸ್ತು, ಯಾರದು, ಎಲ್ಲಿಂದ ಬಂತು ಎಂಬ ವಿವರ ಜೊತೆಗಿಲ್ಲದಿದ್ದರೆ ಎಷ್ಟೇ ದೊಡ್ಡ ಸಂಗ್ರಹವೂ ಮುಂದಿನ ತಲೆಮಾರಿಗೆ ಮೂಕವಾಗುತ್ತದೆ.

ಆದ್ದರಿಂದ ಕೊಳ್ಳುವವರಲ್ಲಿ ನನ್ನ ವಿನಂತಿ ಇಷ್ಟು. ಹತ್ತು ವಿದೇಶಿ ಹೆಸರು ಕೂಡಿಸುವ ಬದಲು ಒಂದು ಸಿಯಾಲ್‌ಕೋಟ್, ಒಂದು ಜಲಂಧರ್ ಹುಡುಕಿ. ಕೊಡುವ ಮನೆಯ ಹಿರಿಯರನ್ನು ಕೂರಿಸಿಕೊಂಡು ಯಾರು ಆಡಿದ್ದು, ಯಾವ ಅಂಕಣದಲ್ಲಿ, ಯಾವ ಅಂಗಡಿಯಿಂದ ತಂದದ್ದು ಎಂದು ಕೇಳಿ ಬರೆದು, ಆ ಚೀಟಿಯನ್ನು ರಾಕೆಟ್ಟಿಗೇ ಕಟ್ಟಿ ಇಡಿ. ಅಟ್ಟದಲ್ಲಿ ರಾಕೆಟ್ ಇರುವವರು ಗುಜರಿಯವನನ್ನು ಕರೆಯುವ ಮೊದಲು ಮುದ್ರೆಯನ್ನೊಮ್ಮೆ ಓದಿ.