ಆಸ್ಪಿರಿನ್ ಪ್ರಯೋಗಗಳಲ್ಲಿ ಸ್ತ್ರೀಯ ಸ್ಥಾನ

ಹೃದಯಾಘಾತವನ್ನು ಮುಂಚಿತವಾಗಿಯೇ ತಡೆಯುವ ಶಕ್ತಿಯು ಆಸ್ಪಿರಿನ್ ಗುಳಿಗೆಗೆ ಉಂಟೇ ಎಂಬುದನ್ನರಿಯಲೆಂದು ಅಮೆರಿಕದ ಬಾಸ್ಟನ್ ನಗರದ ವಿದ್ವಾಂಸರು 1982ರಲ್ಲಿ ಕೈಗೊಂಡ ಮಹಾಪ್ರಯೋಗವು ತನ್ನ ರಚನೆಯ ದಾರ್ಢ್ಯದಿಂದ ಇಂದಿಗೂ ಗೌರವಾರ್ಹವಾಗಿದೆ. 22,071 ಮಂದಿ ವೈದ್ಯರಲ್ಲಿ ಅರ್ಧದಷ್ಟು ಜನರಿಗೆ ದಿನ ಬಿಟ್ಟು ದಿನ 325 ಮಿಲಿಗ್ರಾಂ ಆಸ್ಪಿರಿನ್ನನ್ನೂ, ಮಿಕ್ಕವರಿಗೆ ಔಷಧಗುಣವಿಲ್ಲದ ಹುಸಿಗುಳಿಗೆಯನ್ನೂ ಕೊಟ್ಟು, ಯಾರಿಗೆ ಯಾವುದು ಸಂದಿತೆಂಬುದನ್ನು ಕೊಟ್ಟವರೂ ಕೊಂಡವರೂ ಅರಿಯದಂತೆ ನಡೆಸಿದ ಆ ಪರೀಕ್ಷೆಯಿಂದ, ಮೊದಲ ಹೃದಯಾಘಾತದ ಸಂಭವವು ಶೇಕಡಾ 44ರಷ್ಟು ತಗ್ಗಿತೆಂದು 1989ರ ಅಂತಿಮ ವರದಿಯು ಸಾರಿತು. ಆದರೆ ಆ ವೈದ್ಯಸಮೂಹದಲ್ಲಿ ಒಬ್ಬಳಾದರೂ ಸ್ತ್ರೀಯಿರಲಿಲ್ಲ.

ಪ್ರಯೋಗಕ್ಕೆ ತಕ್ಕ ವಯಸ್ಸಿನ ವೈದ್ಯೆಯರು ಅಂದು ಆ ದೇಶದಲ್ಲಿ ವಿರಳರಾಗಿದ್ದರೆಂಬುದು ನಿಜವೇ. ಆದರೆ ಹೃದ್ರೋಗದಿಂದ ಸಾಯುವ ಹೆಂಗಸರು ವಿರಳರಾಗಿರಲಿಲ್ಲ. ಇದಕ್ಕೂ ಮೊದಲು, 1977ರಲ್ಲಿ, ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆಯು ಗರ್ಭಧಾರಣೆಗೆ ಶಕ್ತರಾದ ಸ್ತ್ರೀಯರನ್ನು ಹೊಸ ಔಷಧಗಳ ಆರಂಭಿಕ ಪರೀಕ್ಷೆಗಳಿಂದ ದೂರವಿರಿಸಬೇಕೆಂದು ವಿಧಿಸಿತ್ತು. ಭ್ರೂಣರಕ್ಷಣೆಯ ಸದುದ್ದೇಶದ ಆ ವಿಧಿಯು ಹೆಣ್ಣನ್ನು ಪರೀಕ್ಷೆಯ ಅಪಾಯದಿಂದ ಪಾರುಮಾಡಿತಾದರೂ, ಅವಳ ದೇಹದಲ್ಲಿ ಪರೀಕ್ಷಿಸದ ಔಷಧವನ್ನು ಅವಳೇ ಮುಂದೆ ಸೇವಿಸಬೇಕಾದ, ಅದಕ್ಕಿಂತ ವಿಶಾಲವಾದ ಅಪಾಯಕ್ಕೆ ಒಪ್ಪಿಸಿತು.

1993ರಲ್ಲಿ ವಿಧಿಯು ಸಡಿಲಿತು. ಸರ್ಕಾರದ ಧನಸಹಾಯ ಪಡೆವ ಪ್ರಯೋಗಗಳಲ್ಲಿ ಸ್ತ್ರೀಯರಿರಬೇಕೆಂಬ ಶಾಸನವೂ ಬಂದಿತು. ಬಳಿಕ 39,876 ಸ್ತ್ರೀಯರ ಮೇಲೆ ಸುಮಾರು ಹತ್ತು ವರ್ಷ ನಡೆದು 2005ರಲ್ಲಿ ಪ್ರಕಟವಾದ ಮತ್ತೊಂದು ಆಸ್ಪಿರಿನ್ ಪ್ರಯೋಗದಲ್ಲಿ ಮೊದಲ ಹೃದಯಾಘಾತವು ಗಣನೀಯವಾಗಿ ತಗ್ಗಲಿಲ್ಲ, ಪಾರ್ಶ್ವವಾಯುವು ಮಾತ್ರ ಶೇಕಡಾ 17ರಷ್ಟು ಇಳಿಯಿತು. ಗಂಡಸಿಗೆ ಹೃದಯದಲ್ಲಿ, ಹೆಂಗಸಿಗೆ ಮಿದುಳಿನಲ್ಲಿ ಫಲವೆಂದು ಅನೇಕರು ಒಡನೆಯೇ ತೀರ್ಮಾನಿಸಿದರು. ನನಗೆ ಆ ಆತುರವು ಒಪ್ಪಿಗೆಯಾಗದು. ಈ ಸ್ತ್ರೀಯರಿಗೆ ದಿನ ಬಿಟ್ಟು ದಿನ ದೊರೆತುದು ಕೇವಲ 100 ಮಿಲಿಗ್ರಾಂ. ಕಾಲವೂ ಬೇರೆ, ಚಿಕಿತ್ಸೆಯ ಪದ್ಧತಿಯೂ ಬೇರೆ. ಕಂಡ ಭೇದವು ಲಿಂಗದ್ದೋ, ಪ್ರಮಾಣದ್ದೋ, ಕಾಲದ್ದೋ ಎಂಬುದನ್ನು ಈ ಎರಡು ವರದಿಗಳನ್ನು ಅಕ್ಕಪಕ್ಕದಲ್ಲಿರಿಸಿಕೊಂಡು ಎಷ್ಟು ಪರಿಶೀಲಿಸಿದರೂ ನಿರ್ಣಯಿಸಲಾಗದು.

ಮೊದಲು ಗಂಡಸರನ್ನೂ ಆಮೇಲೆ ಹೆಂಗಸರನ್ನೂ ಬೇರೆಬೇರೆಯಾಗಿ ಪರೀಕ್ಷಿಸುವ ಕ್ರಮದ ಮೂಲದೋಷವೇ ಇದು. ಒಂದೇ ಪ್ರಯೋಗದಲ್ಲಿ, ಒಂದೇ ಪ್ರಮಾಣದಲ್ಲಿ, ಭೇದವನ್ನು ಗುರುತಿಸಲು ಸಾಕಾಗುವಷ್ಟು ಸಂಖ್ಯೆಯಲ್ಲಿ ಇಬ್ಬರನ್ನೂ ಸೇರಿಸಿ, ಫಲವನ್ನು ಲಿಂಗಾನುಸಾರವಾಗಿ ಪರಿಶೀಲಿಸುವೆವೆಂದು ಆರಂಭಕ್ಕೆ ಮುನ್ನವೇ ಘೋಷಿಸಬೇಕು. ಎದೆನೋವನ್ನು ಸಹಿಸಿಕೊಂಡು ಮನೆಗೆಲಸ ಮುಗಿಸಿದ ಮೇಲೆ ಆಸ್ಪತ್ರೆಗೆ ಬರುವ ಹೆಂಗಸಿನ ವಿಳಂಬವು ದೇಹಧರ್ಮವಲ್ಲ, ಸಮಾಜಧರ್ಮ. ಅದನ್ನೂ ಪ್ರತ್ಯೇಕವಾಗಿ ದಾಖಲಿಸಬೇಕು. ಸೇರಿದ ಸ್ತ್ರೀಯರ ಸಂಖ್ಯೆಯನ್ನು ಮೊದಲ ಕೋಷ್ಟಕದಲ್ಲಿ ಮುದ್ರಿಸಿ, ಅವರಿಗಾದ ಫಲವನ್ನು ಎಲ್ಲಿಯೂ ಬೇರೆಯಾಗಿ ಕೊಡದಿರುವ ವರದಿಯನ್ನು ಪತ್ರಿಕೆಗಳ ಸಂಪಾದಕರು ತಿದ್ದುಪಡಿಗೆಂದು ಹಿಂದಿರುಗಿಸುವುದು ಉಚಿತ.