ಒಂಬತ್ತು ಚೌಕಗಳು

ಕಳೆದ ತಿಂಗಳ ಸಂಘದ ಕಾರ್ಯಕ್ರಮದಲ್ಲಿ ಸಭಾಂಗಣದ ಗೋಡೆಯ ಮೇಲೆ ಮಕ್ಕಳ ಪೆನ್ಸಿಲ್ ಚಿತ್ರಗಳನ್ನು ಹಾಕಿದ್ದರು. ಊಟಕ್ಕೆ ಎಲೆ ಹಾಕುವ ತನಕ ನಾವೂ ಒಂದು ಸುತ್ತು ಬಂದೆವು. ಸೇಬು, ಹೂಜಿ, ಗಣಪತಿ, ಅಜ್ಜಿ, ಗೋಲಗುಮ್ಮಟ, ವಿಷಯಕ್ಕೇನೂ ಬರವಿರಲಿಲ್ಲ. ಗೆರೆಗಳೂ ಬಹುಮಟ್ಟಿಗೆ ಅಚ್ಚುಕಟ್ಟು. ಆದರೆ ಐದು ಹೆಜ್ಜೆ ಹಿಂದೆ ಸರಿದು ನೋಡಿದರೆ ಎಲ್ಲವೂ ಒಂದೇ ಮಂಜಿನಲ್ಲಿ ನಿಂತ ಹಾಗೆ. ಸೇಬು ಗುಂಡಗಾಗದೆ ಬಿಲ್ಲೆಯಾಗಿತ್ತು. ಗುಮ್ಮಟ ಚಪ್ಪಟೆಯಾಗಿತ್ತು. ಮಕ್ಕಳು ಅಚ್ಚ ಕಪ್ಪನ್ನು ಹಾಕಲು ಹೆದರಿದ್ದರು, ಕಾಗದದ ಬಿಳಿಯನ್ನು ಹಾಗೇ ಬಿಡುವುದಕ್ಕೂ ಹೆದರಿದ್ದರು. ಉಳಿದದ್ದು ಬೆರಳಿನಲ್ಲಿ ತಿಕ್ಕಿದ ಬೂದಿ.

ಒಂದು ಚಿತ್ರ ಮಾತ್ರ ನಮ್ಮನ್ನು ತಡೆದು ನಿಲ್ಲಿಸಿತು. ಏಳನೆಯ ತರಗತಿಯ ಹುಡುಗನೊಬ್ಬ ಸ್ಟೀಲಿನ ಕಾಫಿ ಫಿಲ್ಟರು ಬರೆದಿದ್ದ. ಹೊಳೆಯುವ ಪಾತ್ರೆಯಲ್ಲಿ ಕಡುಕಪ್ಪಿನ ಪಟ್ಟಿಯ ಪಕ್ಕದಲ್ಲೇ ಬಿಳಿಯ ಪಟ್ಟಿ ಬರುತ್ತದೆ, ನಡುವೆ ಸಂಕೋಚವೇ ಇರುವುದಿಲ್ಲ. ಹುಡುಗ ಅದನ್ನು ಕಂಡಿದ್ದ, ಕಂಡಂತೆ ಹಾಕಿದ್ದ. ಹಿಡಿ ವಕ್ರವಾಗಿತ್ತು, ಮುಚ್ಚಳ ಒಂದು ಕಡೆ ಜಾರಿತ್ತು. ಆದರೂ ಮುಟ್ಟಿದರೆ ಕೈ ಸುಟ್ಟೀತು ಎನಿಸುವಂತಿತ್ತು! ಆ ಹುಡುಗನ ತಾಯಿಯನ್ನು ವಿಚಾರಿಸಿದೆವು. ರಜೆಯುದ್ದಕ್ಕೂ ದಿನಕ್ಕೊಂದು ಛಾಯಾಪಟ್ಟಿ ಬರೆಯುತ್ತಿದ್ದನಂತೆ.

ಛಾಯಾಪಟ್ಟಿಯೆಂದರೆ ಸಾಲಾಗಿ ಒಂಬತ್ತು ಚೌಕ. ಒಂದು ತುದಿಯಲ್ಲಿ ಖಾಲಿ ಕಾಗದ, ಇನ್ನೊಂದು ತುದಿಯಲ್ಲಿ ಪೆನ್ಸಿಲಿಗೆ ಸಾಧ್ಯವಾದಷ್ಟು ಕಪ್ಪು, ನಡುವೆ ಸಮನಾದ ಮೆಟ್ಟಿಲುಗಳು. ಅಮೆರಿಕದ ಹಾರ್ವರ್ಡಿನಲ್ಲಿ ಪಾಠ ಹೇಳುತ್ತಿದ್ದ ಡೆನ್ಮನ್ ರಾಸ್ 1907ರ ತಮ್ಮ ಪುಸ್ತಕದಲ್ಲಿ ಇಂಥದೇ ಒಂಬತ್ತು ಮೆಟ್ಟಿಲನ್ನು ಕೊಟ್ಟಿದ್ದಾರೆ. ಕೇಳಲು ಸುಲಭ. ಎಚ್.ಬಿ. ಪೆನ್ಸಿಲನ್ನು ಎಷ್ಟು ಒತ್ತಿದರೂ ಕಾಗದ ತಗ್ಗಾಗಿ ಮಿರಮಿರನೆ ಮಿಂಚೀತೇ ಹೊರತು ಕಪ್ಪಾಗದು. ಅದರಲ್ಲಿ ಜೇಡಿಯ ಪಾಲು ಹೆಚ್ಚು. ಗ್ರಾಫೈಟು ಹೆಚ್ಚಿರುವ 4ಬಿ, 6ಬಿ ಬೇಕು. ಒತ್ತಿ ತೀಡುವ ಬದಲು ಹಗುರವಾಗಿ ಪದರದ ಮೇಲೆ ಪದರ ಹಾಕಬೇಕು. ಮೊದಲು ಎರಡು ತುದಿ, ಆಮೇಲೆ ನಡುವಿನದು, ಆಮೇಲೆ ಅವುಗಳ ನಡುವಿನವು.

ಕಷ್ಟವಿರುವುದು ಆ ನಡುವಿನದರಲ್ಲೇ. ಬಿ.ಎಸ್ಸಿ.ಯಲ್ಲಿ ಬೆಳಕಿನ ಪಾಠ ಓದಿ ಮರೆತವರು ನಾವು. ಕಣ್ಣಿಗೆ ಕಪ್ಪು ಬಿಳುಪಿನ ನಟ್ಟನಡುವೆ ಕಾಣುವ ಬೂದುಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಅರ್ಧವನ್ನು ಹಿಂದಿರುಗಿಸುವುದಿಲ್ಲ, ಸುಮಾರು ಐದರಲ್ಲಿ ಒಂದು ಪಾಲನ್ನಷ್ಟೇ. ಕಣ್ಣು ಅಳೆಯುವುದು ಹೆಚ್ಚುಕಡಿಮೆ ಅನುಪಾತವನ್ನು. ಸಾಲದ್ದಕ್ಕೆ, ಅದೇ ಬೂದು ಬಿಳಿಯ ಪಕ್ಕದಲ್ಲಿ ಕಪ್ಪಾಗಿ, ಕಪ್ಪಿನ ಪಕ್ಕದಲ್ಲಿ ಬೆಳ್ಳಗೆ ಕಾಣುತ್ತದೆ. ಇಂಥ ಕಣ್ಣನ್ನು ಪಳಗಿಸದೆ ಅಜ್ಜಿಯ ಕೆನ್ನೆಗೆ ನೆರಳು ಹಾಕು ಎಂದರೆ ಮಗು ಏನು ಮಾಡೀತು?

ರೇಖೆಯಿಂದಲೇ ಎಲ್ಲವನ್ನೂ ಸಾಧಿಸಿದ ಕೆ. ಕೆ. ಹೆಬ್ಬಾರರಿಲ್ಲವೆ ಎಂದು ಸಂಘದ ಹಿರಿಯರೊಬ್ಬರು ಕೇಳಿದರು. ನಿಜ, ಮುಂಬಯಿ ಕನ್ನಡಿಗರು ಆ ಹೆಸರು ಹೇಳದೆ ಚಿತ್ರಕಲೆಯ ಮಾತು ಮುಗಿಸುವಂತಿಲ್ಲ. ಆದರೆ ಅವರು ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿದವರು. ಅವರು ಛಾಯೆಯನ್ನು ಬಿಟ್ಟದ್ದು ಗೊತ್ತಿದ್ದು ಬಿಟ್ಟದ್ದು. ಇನ್ನೊಂದು ತುದಿಗೆ ಫ್ರಾನ್ಸಿನ ಜಾರ್ಜ್ ಸ್ಯೂರಾ ಇದ್ದಾನೆ. 1882-83ರಲ್ಲಿ ತನ್ನ ಗೆಳೆಯ ಅಮಾಂ-ಜಾಂನನ್ನು ಬರೆದ ಅವನ ಚಿತ್ರದಲ್ಲಿ ಗೆರೆಗಿಂತ ಛಾಯೆಯದೇ ಆಳ್ವಿಕೆ. ಒರಟು ಕಾಗದದ ಉಬ್ಬುಗಳಿಗೆ ಮಾತ್ರ ಕಪ್ಪು ಕಡ್ಡಿ ತಾಗಿ, ತಗ್ಗುಗಳು ಬೆಳ್ಳಗುಳಿದು, ಮನುಷ್ಯ ಕತ್ತಲೆಯೊಳಗಿಂದ ಎದ್ದು ಬರುತ್ತಾನೆ.

ಪಟ್ಟಿ ಬರೆದವರೆಲ್ಲ ಸ್ಯೂರಾ ಆಗುತ್ತಾರೆಂದು ನಾವು ಹೇಳುವುದಿಲ್ಲ. ಚೌಕ ತುಂಬುವುದೇ ಗುರಿಯಾದರೆ ಅದೂ ನಮ್ಮ ಕಚೇರಿಯ ಕಾಲಂ ತುಂಬಿದ ಹಾಗೆ. ಪಟ್ಟಿಯನ್ನು ಕೈಯಲ್ಲಿ ಹಿಡಿದು ಫಿಲ್ಟರಿನ ಪಕ್ಕ ಇಟ್ಟು ನೋಡಿದಾಗಲೇ ಅದಕ್ಕೆ ಅರ್ಥ.

ಇಷ್ಟೆಲ್ಲ ಬರೆದ ನಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಆರು ತಿಂಗಳ ಹಿಂದೆ ನಮ್ಮ ಮಗಳೂ ಅಡಿಗೆಮನೆಯ ಮೂಲೆಯಲ್ಲಿ ಮೂರು ಸಂಜೆ ಈ ಚೌಕಗಳನ್ನೇ ತುಂಬುತ್ತ ಕೂತಿದ್ದಳು. "ಏನೇ ಇದು, ಮಸಿ ಬಳಿದ ಹಾಗೆ? ಒಂದು ಗಣಪತೀನ ಬರಿ, ಸಂಘದಲ್ಲಿ ಹಾಕೋಣ" ಎಂದೆವು. ಹುಡುಗಿ ಮಾತಾಡದೆ ಹಾಳೆ ಮಡಿಸಿಟ್ಟಳು. ಮೇಲೆ ಹೇಳಿದ ಗೋಡೆಯ ಗಣಪತಿ ಅವಳದೇ. ಕಿವಿ, ಹೊಟ್ಟೆ, ಮೋದಕ, ಎಲ್ಲಕ್ಕೂ ಒಂದೇ ಬೂದಿ. ಬಂದವರೆಲ್ಲ ಹೊಗಳಿದರು. ಅವಳು ಮಾತ್ರ ಆ ಫಿಲ್ಟರಿನ ಮುಂದೆ ಬಹಳ ಹೊತ್ತು ನಿಂತಿದ್ದಳು.

ಮೊನ್ನೆ ಭಾನುವಾರ 6ಬಿ ಪೆನ್ಸಿಲು ತಂದು, ಕ್ಷಮೆಯ ಮಾತೂ ಆಡಿ, ಅವಳ ಪಕ್ಕದಲ್ಲಿ ನಾವೂ ಒಂದು ಪಟ್ಟಿಗೆ ಕೂತೆವು. ಒಂದೂವರೆ ಗಂಟೆ ಹಿಡಿಯಿತು. ಅವಳು ಅದನ್ನು ಗೋಡೆಗೆ ಒರಗಿಸಿ, ಕಣ್ಣು ಅರೆಮುಚ್ಚಿ ನೋಡಿ, "ಅಪ್ಪಾ, ಐದೂ ಆರೂ ಒಂದೇ ಥರ ಇವೆ" ಎಂದಳು. ರಬ್ಬರು ಎಲ್ಲಿದೆಯೆಂದು ಕೇಳಿದೆವು.